ಮನೆಗೆ ಹೋದ ತೊಟ್ಟಿಲು

ಶುಕ್ರವಾರ ಸಂಜೆ ನಾಲ್ಕು ದಾಟಿದ ಮೇಲೆ ಹೋಗಿ ನಮ್ಮ ಸಂಗ್ರಹಾಲಯದ ಬೀಗ ತೆಗೆದೆ. ಒಳಗೆ ಕಾಲಿಟ್ಟವಳ ಕಣ್ಣಿಗೆ ಮೊದಲು ಬಿದ್ದದ್ದು ತೊಲೆಯ ಖಾಲಿ ಕೊಕ್ಕೆಗಳು. ಹಿಂದಿನ ವಾರದವರೆಗೂ ಅಲ್ಲಿ ತೂಗುತ್ತಿದ್ದ ತೊಟ್ಟಿಲು ಇರಲಿಲ್ಲ. ಗೋಡೆಯ ಮೇಲಿದ್ದ ಅದರ ಚೀಟಿಯನ್ನು ಯಾರೋ ತಿರುಗಿಸಿ ಹಾಕಿದ್ದರು. ಹಿಂಬದಿಯಲ್ಲಿ ನನ್ನದೇ ಅಕ್ಷರದಲ್ಲಿ ‘ಮನೆಗೆ ಹೋಗಿದೆ’ ಎಂದಿತ್ತು.

ಬೇರೆ ಯಾವ ವಸ್ತು ಹೋಗಿದ್ದರೂ ನನಗೆ ಖುಷಿಯೇ ಆಗುತ್ತಿತ್ತು. ನಮ್ಮ ಸಂಗ್ರಹಾಲಯ ನಡೆಯುತ್ತಿದ್ದದ್ದೇ ಹಾಗೆ. ಚಾಮರಾಜಪೇಟೆಯ ಒಂದು ಹಳೇ ಛತ್ರದಲ್ಲಿ ಸೌದೆ ಒಲೆಯ ಅಡುಗೆಮನೆ ಇತ್ತು. ಗ್ಯಾಸಿನ ಹೊಸ ಅಡುಗೆಮನೆ ಬಂದ ಮೇಲೆ ಅಲ್ಲಿ ಮುರಿದ ಕುರ್ಚಿಗಳನ್ನು ತುಂಬಿದ್ದರು. ಅದನ್ನು ನಾವು ಕೇಳಿ ಪಡೆದು, ಗುಡಿಸಿ, ಪೇಟೆಯ ಮನೆಗಳಲ್ಲಿ ಬಳಕೆಯಲ್ಲಿದ್ದ ಸಾಮಾನುಗಳನ್ನು ಇಡಲು ಶುರುಮಾಡಿದೆವು. ನಾವು ಅಂದರೆ ಮೂರೇ ಜನ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ಊರವರ ಮಾತಿಗೆ ತಂತಿ ಜೋಡಿಸಿದ ನಾನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಮತ್ತೆ ಪಕ್ಕದ ಬೀದಿಯ ನನ್ನ ಗೆಳತಿ. ಅವಳು ಗುರುವಾರ ಮಾತ್ರ ಬಂದು ಬಾಗಿಲು ತೆಗೆದು ಕೂರುತ್ತಾಳೆ. ಸಂಬಳವಿಲ್ಲ, ಸಾಯಂಕಾಲದ ಕಾಫಿಯೂ ನಮ್ಮದೇ ಫ್ಲಾಸ್ಕಿನದು.

ಮೊದಮೊದಲು ಯಾರೂ ಏನನ್ನೂ ಕೊಡಲಿಲ್ಲ. ‘ಗೌರಿ ಹಬ್ಬಕ್ಕೆ ಬೇಕಾಗತ್ತೆ ಕಣಮ್ಮ’, ‘ಮಗಳ ಮದುವೆಗೆ ಆ ಕೊಳಗ ಇಲ್ದಿದ್ರೆ ಆಗಲ್ಲ’ ಅನ್ನುವುದೇ ಎಲ್ಲ ಬಾಗಿಲಲ್ಲೂ ಉತ್ತರ. ನನಗೆ ರೇಗಿತು. ಬೇಕಾದಾಗ ಬಂದು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದಿಡಿ, ನಾವೇನು ನುಂಗಿಬಿಡ್ತೀವಾ ಅಂದುಬಿಟ್ಟೆ. ಸಿಟ್ಟಿನಲ್ಲಿ ಬಂದ ಆ ಮಾತೇ ನಮ್ಮ ನಿಯಮವಾಯಿತು. ಪ್ರತಿ ವಸ್ತುವಿನ ಪಕ್ಕ ಒಂದು ಚೀಟಿ. ಮುಂದುಗಡೆ, ಇಂಥ ಬೀದಿಯ ಇಂಥವರ ಮನೆಯದು, ಸದ್ಯಕ್ಕೆ ಇಲ್ಲಿದೆ. ಹಿಂದುಗಡೆ, ಮನೆಗೆ ಹೋಗಿದೆ. ಶ್ರಾವಣದಲ್ಲಿ ಬಂದರೆ ಅರ್ಧ ಚೀಟಿಗಳು ಮಗುಚಿಕೊಂಡೇ ಇರುತ್ತವೆ. ಹೋದ ದೀಪದ ಕಂಬ ಎಣ್ಣೆಯ ಜಿಡ್ಡಿನೊಂದಿಗೆ, ಹೋದ ಹಿತ್ತಾಳೆ ಹಂಡೆ ಹೊಸ ಕುಂಕುಮದೊಂದಿಗೆ ವಾಪಸು ಬರುತ್ತದೆ. ನನಗೆ ಅದೇ ಚೆಂದ. ಮೇಷ್ಟ್ರಿಗೆ ಮಾತ್ರ ಅದು ಸರಿಬರುತ್ತಿರಲಿಲ್ಲ. “ಇದು ಸಂಗ್ರಹಾಲಯವೋ ಶಾಮಿಯಾನದ ಅಂಗಡಿಯೋ ಮೇಡಂ?” ಎನ್ನುತ್ತಿದ್ದರು. ವಸ್ತುಗಳನ್ನು ಉಳಿಸಬೇಕು ಎಂಬುದು ಅವರ ಹಟ. ವಸ್ತುಗಳನ್ನು ಹೇಗೆ ಕಾಪಾಡಬೇಕು ಅಂತ ಎಲ್ಲೋ ಎರಡು ದಿನ ತರಬೇತಿಗೆ ಹೋಗಿಬಂದ ಮೇಲಂತೂ ಕೈಗೆ ಗ್ಲೌಸು ಹಾಕಿಕೊಳ್ಳದೆ ಒಂದು ಸೌಟನ್ನೂ ಮುಟ್ಟುತ್ತಿರಲಿಲ್ಲ.

ತೊಟ್ಟಿಲು ಒಂದು ಬೆಲ್ಲದ ವ್ಯಾಪಾರದ ಮನೆಯದು. ಅವರು ತಲೆಮಾರುಗಳ ಕಾಲ ಪೇಟೆಯಲ್ಲೇ ಇದ್ದವರು, ಈಚೆಗೆ ಮತ್ತಿಕೆರೆಗೆ ಹೋಗಿದ್ದರು. ಬೀಟೆ ಮರ, ಸುತ್ತ ಕಡೆದ ಕಂಬಿ, ತಲೆಯ ಕಡೆ ಎರಡು ಗಿಳಿ. ಮೇಲಿನ ಪಟ್ಟಿಯ ಮೇಲೆ ಸಣ್ಣ ಸಣ್ಣ ಗುರುತು. ಹಲ್ಲು ಮೂಡುವಾಗ ಕೂಸುಗಳು ಕಚ್ಚಿದ್ದು ಅಂತ ಆ ಮನೆಯ ಹಿರಿಯಮ್ಮನೇ ಹೇಳಿದ್ದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು, ಎಂಬತ್ತು ದಾಟಿದ ಹೆಂಗಸು. ಆ ಗುರುತುಗಳಲ್ಲಿ ಯಾವುದು ತನ್ನ ಗಂಡನದು, ಯಾವುದು ತನ್ನ ಮಗನದು ಅಂತ ಬೆರಳಿಟ್ಟು ತೋರಿಸಿ ನಕ್ಕಿದ್ದರು.

ಎರಡು ವರ್ಷದ ಹಿಂದೆ ಅವರ ಮೊಮ್ಮಗಳಿಗೆ ದಿನ ತುಂಬುತ್ತಿದ್ದಾಗ, ತೊಟ್ಟಿಲು ಒರೆಸಿಡಿ, ಬಂದು ಒಯ್ಯುತ್ತೇವೆ ಎಂದು ಹೇಳಿಕಳಿಸಿದರು. ನಾವು ಒರೆಸಿ, ಸರಪಳಿಗೆ ಎಣ್ಣೆ ಹಾಕಿ, ಚೀಟಿ ತಿರುಗಿಸಿ ಕಾದೆವು. ಯಾರೂ ಬರಲಿಲ್ಲ. ಗಂಡು ಕೂಸು, ಹೆಸರಿಡುವ ದಿನದವರೆಗೂ ಉಳಿಯಲಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಚೀಟಿಯನ್ನು ಮತ್ತೆ ಮುಂಬದಿಗೆ ತಿರುಗಿಸಿದೆ.

ಹೋದ ಬೇಸಿಗೆಯಲ್ಲಿ ಆ ತೊಟ್ಟಿಲ ಕೆಳಗೆ ಹಿಟ್ಟಿನಂಥ ಪುಡಿ ಉದುರತೊಡಗಿತು. ಹುಳ ಹಿಡಿದಿತ್ತು. ನಾನು ಮಲ್ಲೇಶ್ವರದಲ್ಲಿ ತಂಗಿಯ ಮನೆಯಲ್ಲಿದ್ದ ವಾರ ಮೇಷ್ಟ್ರು ಒಬ್ಬರೇ ಕೂತು, ಮನೆ ಕಟ್ಟುವವರು ಗೆದ್ದಲಿಗೆ ಅಂತ ಪಾಯಕ್ಕೆ ಸುರಿಯುವ ದ್ರಾವಣವನ್ನು ತಂದು, ತೂತುತೂತಿಗೂ ಸಿರಿಂಜಿನಲ್ಲಿ ಇಳಿಸಿದ್ದರು. ಸಾಲದು ಅಂತ ಬ್ರಷ್ಷಿನಲ್ಲಿ ಮೈಗೆಲ್ಲ ಬಳಿದಿದ್ದರು. ನಾನು ಬಂದಾಗ ಕೋಣೆಯೆಲ್ಲ ನಾರುತ್ತಿತ್ತು. ಕೂಸು ಮಲಗೋ ಜಾಗಕ್ಕೆ ವಿಷ ಬಳಿಯೋ ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸಿದರು ಅಂತ ಕೂಗಾಡಿದೆ. “ಬಿಟ್ಟಿದ್ದಿದ್ರೆ ಮುಂದಿನ ವರ್ಷಕ್ಕೆ ತೊಟ್ಟಿಲೇ ಇರ್ತಿರ್ಲಿಲ್ಲ ಮೇಡಂ” ಅಂದರು. ಅದೂ ಸುಳ್ಳಲ್ಲ. ಆ ಮನೆಗೆ ಒಂದು ಮಾತು ತಿಳಿಸಬೇಕು ಎಂದಾಯಿತು. ಆದರೆ ಕೂಸು ಕಳೆದುಕೊಂಡ ಮನೆಗೆ ಫೋನ್ ಮಾಡಿ ತೊಟ್ಟಿಲ ಸುದ್ದಿ ಎತ್ತುವುದು ಹೇಗೆ? ಮೇಷ್ಟ್ರು ನಾಳೆ ಎಂದರು, ನಾನು ಹಬ್ಬ ಕಳೆಯಲಿ ಎಂದೆ. ಅಷ್ಟರಲ್ಲಿ ಆ ಹುಡುಗಿ ಮತ್ತೆ ಬಸುರಿಯಾಗಿದ್ದಾಳೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಒಂದು ಸಲ ಸುಟ್ಟುಕೊಂಡ ಮನೆಯವರು, ಈ ಸಲ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಗೆಳತಿಗೆ ಫೋನ್ ಮಾಡಿದೆ. ಅವಳು ಬೇಸಿಗೆಯಲ್ಲೆಲ್ಲ ಊರಲ್ಲಿರಲಿಲ್ಲ, ಈ ರಾಮಾಯಣ ಅವಳಿಗೆ ತಿಳಿಯದು. ತಿಳಿಸಬೇಕು ಅಂತ ನಮಗಿಬ್ಬರಿಗೂ ಹೊಳೆದಿರಲಿಲ್ಲ.

“ಹೂಂ ಕಣೇ, ನಿನ್ನೆ ಬಂದಿದ್ರು!” ಅಂದಳು ಸಂಭ್ರಮದಲ್ಲಿ. “ಹೆಣ್ಣು ಮಗು ಅಂತೆ. ಹಿರಿಯಮ್ಮ ತೊಟ್ಟಿಲು ಮುಟ್ಟಿ ಅತ್ತೇಬಿಟ್ರು. ನಾನೇ ಅರಿಶಿನ ಕುಂಕುಮ ಹಚ್ಚಿ ಕಳಿಸ್ದೆ. ನಾಳೆ ಸಾಯಂಕಾಲ ಹೆಸರಿಡ್ತಾರಂತೆ.”

“ನಾಳೆ ಅಂದ್ರೆ ಇವತ್ತೇನೇ?”

“ಹೌದು, ಇವತ್ತೇ. ದೀಪ ಹಚ್ಚೋ ಹೊತ್ತಿಗೆ. ಯಾಕೆ, ಏನಾಯ್ತು?”

ಹೇಳುವಷ್ಟು ವ್ಯವಧಾನ ಇರಲಿಲ್ಲ. ಹಿರಿಯಮ್ಮನ ನಂಬರಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಶುಭಕಾರ್ಯದ ಮನೆ, ಫೋನು ಯಾವ ದಿಂಬಿನ ಕೆಳಗಿತ್ತೋ. ಒಂದೇ ಸಮಾಧಾನ ಅಂದರೆ, ಹೆಸರಿಡುವ ತನಕ ಅವರಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ದೀಪ ಹಚ್ಚುವವರೆಗೆ ಸಮಯವಿತ್ತು.

ಮೇಷ್ಟ್ರು ಛತ್ರದ ಗೇಟಿನಲ್ಲೇ ಸಿಕ್ಕಿದರು. ವಿಷಯ ಕೇಳಿದವರು ಒಳಗೆ ಕಾಲಿಡದೆ ನನ್ನ ಜೊತೆಗೇ ತಿರುಗಿ ಹೊರಟರು. ಮೆಟ್ರೋದಲ್ಲಿ ಹೋಗೋಣ ಎಂದೆ. ಮಾರ್ಕೆಟ್ ಸ್ಟೇಷನ್ನಿನವರೆಗೆ ನಡೆದು ಮೆಟ್ಟಿಲು ಇಳಿಯಲು ಅವರ ಮಂಡಿ ಒಪ್ಪುವಂತಿರಲಿಲ್ಲ. ಅವರನ್ನು ಬಿಟ್ಟು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ಏನು ಬಳಿದಿದ್ದಾರೆ, ಎಷ್ಟು ಬಳಿದಿದ್ದಾರೆ ಎಂದು ಹೇಳಬಲ್ಲವರು ಅವರೊಬ್ಬರೇ. ಆಟೋ ಹಿಡಿದೆವು. ಅದೇ ತಪ್ಪಾಯಿತು. ಕೃಷ್ಣರಾಜ ಮಾರುಕಟ್ಟೆ ದಾಟುವಷ್ಟರಲ್ಲಿ ತಲೆಹೊರೆಯವರು, ಬಸ್ಸು, ಸೇವಂತಿಗೆ ಮೂಟೆಯ ಟೆಂಪೊ, ಎಲ್ಲ ನಮ್ಮ ಮುಂದೆಯೇ. ಉಪ್ಪಾರಪೇಟೆ ಹತ್ತಿರ ಗಾಡಿ ಪೂರ್ತಿ ನಿಂತುಹೋಯಿತು. ಮೂರು ಸಲ ಹಸಿರು ದೀಪ ಬಂತು, ನಾವು ಮೂರು ಮಾರು ಮುಂದೆ ಹೋಗಲಿಲ್ಲ. ನಾನು ಫೋನಿನ ಗುಂಡಿ ಒತ್ತುತ್ತಲೇ ಇದ್ದೆ.

“ಒಣಗಿಹೋಗಿದೆ ಮೇಡಂ ಅದು,” ಎಂದರು ಮೇಷ್ಟ್ರು, ಹೊರಗೆ ನೋಡುತ್ತ. “ವಾಸನೆ ಕೂಡ ಹೋಗಿದೆ. ಏನೂ ಆಗಲ್ಲ ಅನ್ಸತ್ತೆ.”

“ಏನೂ ಆಗಲ್ಲ ಅಂದ್ರೆ ಹುಳ ಸಾಯೋದು ಹೇಗೆ? ವರ್ಷಗಟ್ಟಲೆ ಇರ್ಲಿ ಅಂತ ತಾನೇ ಅದನ್ನ ಹಾಕಿದ್ದು?”

ಅವರು ಕತ್ತು ಹೊರಗೆ ಚಾಚಿ ಸಿಗ್ನಲ್ ನೋಡಿದರು.

“ನಿಮ್ಮ ಮೊಮ್ಮಗೂನ ಅದರಲ್ಲಿ ಮಲಗಿಸ್ತೀರಾ? ಆ ಪಟ್ಟೀನ ಕಚ್ಚೋಕೆ ಬಿಡ್ತೀರಾ? ಹೇಳಿ.”

ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಇಂಜಿನ್ ಆರಿಸಿದ. ಮೇಷ್ಟ್ರು ದನಿ ತಗ್ಗಿಸಿ ಶುರುಮಾಡಿದರು.

“ಒಂದು ಕೆಲಸ ಮಾಡೋಣ. ಸರಪಳಿ ಕೊಂಡಿ ಸವೆದಿದೆ, ಭಾರ ತಡೆಯಲ್ಲ ಅಂತ ಹೇಳೋಣ. ಮಗು ಉಳಿಯತ್ತೆ, ನಮ್ಮ ಜಾಗಾನೂ ಉಳಿಯತ್ತೆ. ವಿಷ ಅಂತ ಬಾಯಿಬಿಟ್ರೆ ನಾಳೆ ಬೆಳಿಗ್ಗೆಗೆ ಎಲ್ಲರೂ ಬಂದು ಅವರವರ ಸಾಮಾನು ಎತ್ಕೊಂಡು ಹೋಗ್ತಾರೆ. ಬರೀ ಗೋಡೆ ಇಟ್ಕೊಂಡು ಏನ್ ಮಾಡ್ತೀರಾ?”

ನನಗೆ ಪಿತ್ತ ನೆತ್ತಿಗೇರಿತು. “ಹೋಗ್ಲಿ ಬಿಡಿ! ಸುಳ್ಳು ಹೇಳಿ ಉಳಿಸ್ಕೊಳ್ಳೋವಂಥದ್ದು ಏನಿದೆ ಅಲ್ಲಿ? ನಂಬಿ ಕೊಟ್ಟಿದಾರೆ ಜನ. ನಾನೇ ಹೇಳ್ತೀನಿ, ನೀವು ಸುಮ್ನೆ ನಿಂತ್ಕೊಳ್ಳಿ ಸಾಕು.”

ಗಾಡಿ ಹೊರಟಿತು. ಮಲ್ಲೇಶ್ವರ ದಾಟುವಾಗ ಬೀದಿದೀಪ ಹತ್ತಿಕೊಂಡಿತ್ತು. ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಮಾವಿನ ತೋರಣ, ಮೆಟ್ಟಿಲ ತುಂಬ ಚಪ್ಪಲಿ, ಮೇಲಿನಿಂದ ಹೆಂಗಸರ ಜೋಗುಳದ ದನಿ. ತಡವಾಯಿತೇ? ನಾನು ಎರಡೆರಡು ಮೆಟ್ಟಿಲು ಹತ್ತಿದೆ. ಮೇಷ್ಟ್ರು ಕಂಬಿ ಹಿಡಿದು ಹಿಂದೆ ಬರುತ್ತಿದ್ದರು.

ಹಾಲಿನ ನಡುವೆ ಬಾಡಿಗೆಗೆ ತಂದ ಕಬ್ಬಿಣದ ಸ್ಟ್ಯಾಂಡಿಗೆ ತೊಟ್ಟಿಲು ತೂಗುಹಾಕಿದ್ದರು. ಗಿಳಿಗಳ ಕೊರಳಿಗೆ ಮಲ್ಲಿಗೆ. ಒಳಗೆ ಹಳೇ ರೇಷ್ಮೆ ಸೀರೆಯ ಮಡಿಕೆ, ಅದರ ಮೇಲೆ ರುಬ್ಬುಗುಂಡು. ಕೂಸನ್ನು ಹಾಕುವ ಮೊದಲು ಆ ಕಲ್ಲನ್ನು ಕೂಸಿನಂತೆಯೇ ಸಿಂಗರಿಸಿ, ತೊಟ್ಟಿಲ ಕೆಳಗಿಂದ ಮೇಲಿಂದ ಕೈಯಿಂದ ಕೈಗೆ ದಾಟಿಸಿ, ಒಳಗೆ ಮಲಗಿಸಿ ತೂಗುತ್ತಾರೆ. ಬರುವ ಪೀಡೆ ಕಲ್ಲಿಗೆ ಬರಲಿ, ಕೂಸು ಕಲ್ಲಿನಷ್ಟು ಗಟ್ಟಿಯಾಗಲಿ ಅಂತ. ಆ ಮನೆಯಲ್ಲಿ ಕಲ್ಲಿಗೆ ಗುಂಡಣ್ಣ ಎಂದು ಕರೆಯುತ್ತಿದ್ದರು. ಗುಂಡಣ್ಣನ ಮೈಗೆ ಮೂರು ಬೆರಳಿನ ವಿಭೂತಿ, ತಲೆಗೆ ಕೆಂಪು ದಾರದ ಕುಲಾವಿ. ಜೋಗುಳ ನಡೆದಿದ್ದದ್ದು ಅವನಿಗೆ. ಕೂಸು ಇನ್ನೂ ಮೊಮ್ಮಗಳ ಮಡಿಲಲ್ಲೇ ಇತ್ತು.

“ಅಯ್ಯೋ, ಬಂದ್ರಾ!” ಎಂದು ಹಿರಿಯಮ್ಮ ಎದ್ದೇಬಿಟ್ಟರು. ನನ್ನ ಎರಡೂ ಕೈ ಹಿಡಿದುಕೊಂಡರು. “ಕರೀದೇನೇ ಬಂದ್ರಲ್ಲ, ಅದು ದೊಡ್ಡದು. ನಿಮ್ಮಿಂದ ಉಳೀತು ಕಣಮ್ಮ ಈ ತೊಟ್ಟಿಲು. ಪೇಟೆ ಮನೆ ಬಿಟ್ಟು ಬರೋವಾಗ ಮಾರ್ಬಿಡೋಣ ಅಂತಿದ್ರು ಇವ್ರೆಲ್ಲ. ಬನ್ನಿ, ಮೊದಲು ನೀವೇ ತೂಗಿ.”

ಎಲ್ಲ ಮುಖಗಳೂ ನನ್ನತ್ತ ತಿರುಗಿದ್ದವು. ಮೊಮ್ಮಗಳೂ ನೋಡಿ ನಕ್ಕಳು. ತೆಳ್ಳಗೆ, ಕಣ್ಣ ಕೆಳಗೆ ಕಪ್ಪು, ಆದರೆ ನಕ್ಕಳು. ವಿಷ ಎಂಬ ಪದವನ್ನು ಆ ಕೋಣೆಯಲ್ಲಿ, ಆ ಹುಡುಗಿಯ ಮುಂದೆ ಹೇಗೆ ಎತ್ತಲಿ?

“ಅಮ್ಮಾ, ಸರಪಳಿ ಕೊಂಡಿ…” ಎಂದೆ. “ಸವೆದಿದೆ. ಭಾರ ತಡೆಯತ್ತೋ ಇಲ್ವೋ. ಇವತ್ತು ಬೇಡ ಅಂತ ಹೇಳೋಕೆ ಬಂದ್ವಿ.”

ಹಿರಿಯಮ್ಮ ಗಟ್ಟಿಯಾಗಿ ನಕ್ಕರು. “ಕೊಂಡಿನಾ? ನನ್ನ ಮಗ ರಾತ್ರಿ ಅಕ್ಕಿ ಮೂಟೆ ಇಟ್ಟು ತೂಗಿ ನೋಡಿದಾನೆ! ಈ ಕೂಸು ಎಷ್ಟು ಭಾರ ಮಹಾ!” ಅನ್ನುತ್ತ ತೊಟ್ಟಿಲಿನಿಂದ ಗುಂಡಣ್ಣನನ್ನು ಎತ್ತಲು ಒಬ್ಬಾಕೆಗೆ ಸನ್ನೆ ಮಾಡಿ, ಮೊಮ್ಮಗಳತ್ತ ಎರಡೂ ತೋಳು ಚಾಚಿದರು. “ಕೊಡವ್ವ, ಹೊತ್ತಾಯ್ತು.”

ಮೊಮ್ಮಗಳು ಕೂಸನ್ನು ಎತ್ತಿದಳು.

“ಮಗೂನ ಹಾಕ್ಬೇಡಿ.”

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಏದುಸಿರು ಬಿಡುತ್ತಿದ್ದರು. “ಕೊಂಡಿ ಸರಿಯಾಗಿದೆ ಅಮ್ಮಾ. ಮರಕ್ಕೆ ಹುಳ ಹಿಡಿದಿತ್ತು, ನಾನು ವಿಷ ಹಾಕಿದೀನಿ. ಅದು ಇನ್ನೂ ಮರದಲ್ಲಿದೆ. ಇವರು ಆಗ ಅಲ್ಲಿರ್ಲಿಲ್ಲ. ನಾನೇ ಹಾಕಿದ್ದು.”

ಮೊಮ್ಮಗಳು ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ಕೂತಳು. ಯಾರೋ “ಥೂ, ಒಳ್ಳೇ ಹೊತ್ತಲ್ಲಿ ಎಂಥ ಮಾತು” ಅಂದರು. ಇನ್ನಾರೋ ತೊಟ್ಟಿಲು ಮುಟ್ಟಿದ್ದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದರು. ಹಿರಿಯಮ್ಮನ ಚಾಚಿದ ತೋಳು ಹಾಗೇ ಇತ್ತು.

“ಒಂದ್ ಮಾತು ಹೇಳ್ಬಾರ್ದಿತ್ತಾ ಮೇಷ್ಟ್ರೇ?” ಎಂದರು ಕೊನೆಗೆ. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. “ಫೋನ್ ಇರ್ಲಿಲ್ವಾ ನಮ್ಮನೇಲಿ?”

“ಇತ್ತು. ಆದ್ರೆ ಈ ಮನೆಗೆ ಫೋನ್ ಮಾಡಿ ತೊಟ್ಟಿಲ ವಿಷಯ ಹೇಗೆ…” ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿದರು. ಪಾಠ ಹೇಳಿ ಹೇಳಿ ಗಡಸಾದ ಆ ದನಿ ಹಾಗೆ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು.

ಅವರು ಅರ್ಧಕ್ಕೆ ಬಿಟ್ಟ ಮಾತು ಅಲ್ಲಿದ್ದವರಿಗೆಲ್ಲ ಪೂರ್ತಿ ಅರ್ಥವಾಗಿತ್ತು. ಯಾರೂ ಮೊಮ್ಮಗಳ ಮುಖ ನೋಡುತ್ತಿರಲಿಲ್ಲ. ಗುಂಡಣ್ಣನನ್ನು ಎತ್ತಿಕೊಂಡಿದ್ದಾಕೆ ಅದನ್ನು ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ನಿಂತಿದ್ದಳು. ಒಬ್ಬರು, ಸೀರೆಯ ಜೋಲಿ ಕಟ್ಟೋಣ, ತೊಟ್ಟಿಲು ಹೊರಗೆ ಹಾಕಿ ಎಂದರು.

“ಹೊರಗೆ ಹಾಕ್ಬೇಡಿ.” ಮೊಮ್ಮಗಳ ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ. “ಗುಂಡಣ್ಣನ್ನ ಯಾಕೆ ಎತ್ಕೊಂಡ್ರಿ? ಮಲಗ್ಸಿ ಅವನನ್ನ. ಅಜ್ಜಿ, ಈ ತೊಟ್ಟಿಲಲ್ಲಿ ಅವನೇ ಮಲಗ್ಲಿ. ಅವನನ್ನ ತೂಗಿ. ಇವಳು ನನ್ನ ಮಡಿಲಲ್ಲೇ ಇರ್ತಾಳೆ, ಹೆಸರು ಇಲ್ಲೇ ಕೂಗಿ.”

ಹೆಸರಿಲ್ಲದೆ ಹೋದ ಕೂಸು ಗಂಡು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿರಿಯಮ್ಮ ಕಲ್ಲನ್ನು ತಾವೇ ಇಸಿದುಕೊಂಡರು. ಜಾರಿದ್ದ ಕುಲಾವಿಯನ್ನು ಸರಿಮಾಡಿ, ಸೀರೆಯ ಮಡಿಕೆಯ ನಡುವೆ ನಿಧಾನವಾಗಿ ಮಲಗಿಸಿ, ಸರಪಳಿ ಹಿಡಿದು ತೂಗಿದರು. ಜೋಗುಳ ಮತ್ತೆ ಶುರುವಾಯಿತು. ಮೊದಲು ಎರಡೇ ದನಿ, ಆಮೇಲೆ ಎಲ್ಲವೂ. ಕೂಸಿನ ಹೆಸರನ್ನು ತಾಯಿಯ ಮಡಿಲ ಹತ್ತಿರ ಬಗ್ಗಿ ಕಿವಿಯಲ್ಲಿ ಕೂಗಿದರು. ನಾನು ಗೋಡೆಗೆ ಒರಗಿ ಅತ್ತೆ, ಸದ್ದಿಲ್ಲದೆ ಅಳುವ ಅಭ್ಯಾಸ ನನಗಿಲ್ಲ, ಸದ್ದಾಗಿಯೇ ಅತ್ತೆ. ಮೇಷ್ಟ್ರು ಒಳಗೆ ಬರಲಿಲ್ಲ. ಹೊರಡುವಾಗ ನೋಡಿದರೆ ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದರು. ಯಾರೋ ಅವರ ಕೈಗೂ ಒಂದು ತಟ್ಟೆ ಸಿಹಿ ಕೊಟ್ಟಿದ್ದರು. ಅವರು ಅದನ್ನು ಮುಟ್ಟಿರಲಿಲ್ಲ.

ಮರುದಿನವೇ ಮೇಷ್ಟ್ರು ಕೂತು, ಸಾಮಾನು ಕೊಟ್ಟ ಪ್ರತಿ ಮನೆಗೂ ಫೋನ್ ಮಾಡಿದರು. ತಾವು ಯಾವುದಕ್ಕೆ ಏನು ಬಳಿದಿದ್ದರು, ಯಾವುದಕ್ಕೆ ಬಳಿದಿಲ್ಲ, ಎಲ್ಲ ಹೇಳಿದರು. ಕೆಲವರು ಬೈದರು, ಕೆಲವರು ಬಂದು ಒಯ್ದರು. ಒಯ್ದವರನ್ನು ನಾನು ತಡೆಯಲಿಲ್ಲ.

ಸುಮಾರು ದಿನಗಳಾದ ಮೇಲೆ ಹಿರಿಯಮ್ಮ ಗೂಡ್ಸ್ ಆಟೋದಲ್ಲಿ ತೊಟ್ಟಿಲಿನ ಜೊತೆ ತಾವೂ ಬಂದರು. ಗುಂಡಣ್ಣ ಅದರೊಳಗೇ ಇದ್ದ, ಕುಲಾವಿ ಸಮೇತ. ಖಾಲಿ ತೊಟ್ಟಿಲು ಇಡಬಾರದು, ಅವನೂ ಇಲ್ಲೇ ಇರಲಿ ಎಂದರು. ಮೇಷ್ಟ್ರೂ ನಾನೂ ಸೇರಿ ತೊಟ್ಟಿಲನ್ನು ಕೊಕ್ಕೆಗೆ ಹಾಕಿದೆವು. ನಾನು ಚೀಟಿಯನ್ನು ಮುಂಬದಿಗೆ ತಿರುಗಿಸಿದೆ.

ಹಿರಿಯಮ್ಮ ಕನ್ನಡಕ ಏರಿಸಿ ಅದನ್ನು ಓದಿದರು. “ಸದ್ಯಕ್ಕೆ ಇಲ್ಲಿದೆ ಅಂತ ಬರ್ದಿದೀರಲ್ಲ. ಆ ‘ಸದ್ಯಕ್ಕೆ’ ಹೊಡೆದುಹಾಕಿ. ಇನ್ನೆಲ್ಲಿ ಮನೆಗೆ ಬರತ್ತೆ ಅದು?”

ಪೂರ್ತಿಯಾಗಿ ನಮ್ಮದಾದ ಮೊದಲ ವಸ್ತು ಅದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು, ಚೀಟಿಯ ಮುಂದೆ ನಿಂತರು, ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ಹೋದರು. ನಾನೇ ಗೆರೆ ಎಳೆದೆ.

ಹಿರಿಯಮ್ಮ ಕುಲಾವಿಯ ದಾರ ಬಿಗಿಮಾಡಿ, ಒಂದು ಸಲ ತೊಟ್ಟಿಲು ತೂಗಿ, ಕೈ ತೊಳೆಯಲು ನೀರು ಕೇಳಿದರು.